ಉಳ್ಳಾಗಡ್ಡಿ ಮುಟ್ಟದ ಪದ್ಮಜಾ ಟೀಚರ್

ಪದ್ಮಜಾ ಟೀಚರ್ ಸುದ್ದಿ ಹೇಳ್ಲೇಬೇಕು. ಯಾಕಂದ್ರ, ಐವತ್ತೆರಡು ವರ್ಷ ನಾನು ಈ ಮೈಯಾಗ ಇದ್ದೆ. ಈ ಮೈ ಯಾತರಿಂದ ಆಗ್ಯದ ಅಂತ ಒಬ್ಬರೂ ತೋರಿಸಿದ್ದಿಲ್ಲ. ಅವರು ತೋರಿಸಿದ್ರು. ಒಂದು ಕಡ್ಡಿ, ಒಂದು ಗಾಜು, ಒಂದು ಹನಿ ನೀಲಿ ಬಣ್ಣ. ಅಷ್ಟರಾಗ ತೋರಿಸಿದ್ರು. ಅವತ್ತಿಂದ ನಾನು ಒಬ್ನೇ ಕುಂತಾಗೂ ನಗ್ತೀನಿ. ಮನ್ಯಾಗ ಕೇಳ್ತಾರ, ಏನಾಗ್ಯದ ನಿಮಗ ಅಂತ. ಏನಂತ ಹೇಳ್ಲಿ?

ನಾನು ಅಮೃತಪ್ಪ, ಶಹಾಬಾದಿನಾಂವ. ಫರಸಿ ಹಾಸೋದು ನನ್ನ ಕಸಬು. ಆರನೆತ್ತ ತನಕ ಸಾಲಿ ಕಲ್ತೀನಿ. ಮುಂದ ಕಲ್ಲೇ ಕಲಿಸ್ತು. ಮಾತು ಕಮ್ಮಿ ನಂದು. ಆದ್ರ ಇದು ಹೇಳದೆ ಇರ್ಲಿಕ್ಕೆ ಆಗಂಗಿಲ್ಲ.

ಹೋದ ವರ್ಷ ಮಳಿಗಾಲದಾಗ ಚಿತ್ತಾಪುರದ ಒಂದು ಹೈಸ್ಕೂಲಿನಾಗ ಕೆಲಸ ಬಂತು. ಒಂದು ಖೋಲಿ. ಹಳಿ ನೆಲ ಕೀಳೋದು, ಹೊಸ ಫರಸಿ ಹಾಕೋದು. ಸೋಮವಾರ ಮುಂಜಾನೆ ಹೋದೆ. ವರಾಂಡದಾಗ ಒಂದು ಸೋಫಾ ಇತ್ತು. ಹೊಸಾದು. ಮ್ಯಾಲಿನ ಪ್ಲಾಸ್ಟಿಕ್ ಇನ್ನಾ ತೆಗೆದಿದ್ದಿಲ್ಲ. ಅದರ ಮ್ಯಾಲ ಸಾಲಿ ಜವಾನ ಹಾಜಿಮಲಂಗ್ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತಿದ್ದ. ಅಂವ ಅಳ್ಳಾಡಿದಾಗೊಮ್ಮೆ ಪ್ಲಾಸ್ಟಿಕ್ ಚರ್ ಚರ್ ಅಂತಿತ್ತು.

“ಯಾರದರೆ ಮದುವಿ ಅದ ಏನು?” ಅಂದೆ.

“ಮದುವಿ ಅಲ್ಲಣ್ಣ, ಮೀಟಿಂಗ್ ಹಾಲ್,” ಅಂದ. “ಅಧ್ಯಕ್ಷ ಸಾಬ್ರ ಹುಕುಂ. ಲ್ಯಾಬ್ ಖೋಲಿ ಖಾಲಿ ಆಗ್ಬೇಕು, ನೀ ಫರಸಿ ಹಾಕಬೇಕು, ಈ ಸೋಫಾ ಒಳಗ ಹೋಗ್ಬೇಕು. ಅಲ್ಲೀತನಕ ಈ ತಖ್ತ್ ನಂದು.”

ಅಧ್ಯಕ್ಷ ಅಂದ್ರ ಸಂತೋಷಕುಮಾರ್ ಅವರು. ಸಾಲಿ ಕಮಿಟಿ ಅಧ್ಯಕ್ಷರು. ತೊಗರಿ ದಾಲ್‌ಮಿಲ್ ಅದ ಅವರದು. ಕೆಟ್ಟ ಮನಷ್ಯಾ ಅಲ್ಲ. ಗಡಿಬಿಡಿ ಮನಷ್ಯಾ. ಮೀಟಿಂಗ್ ಅಂದ್ರ ಅವರಿಗೆ ಹೋಳಿಗಿ ಉಂಡಷ್ಟು ಖುಷಿ.

ಲ್ಯಾಬ್ ಖೋಲ್ಯಾಗ ಹೊಕ್ಕೆ. ಕಿಡಕಿ ಹತ್ರ ಒಂದು ಟೇಬಲ್. ಟೇಬಲ್ ಮ್ಯಾಲ ದುರ್ಬೀನಿನಂಥದ್ದೊಂದು, ಸೂಕ್ಷ್ಮದರ್ಶಕ ಅಂತಾರಂತ, ಹಳಿ ಸೀರಿ ಅರಿವಿಯಿಂದ ಹೊಲಿದ ಟೊಪ್ಪಿಗಿ ಹಾಕ್ಕೊಂಡು ನಿಂತಿತ್ತು. ಅದರ ಮುಂದ ಪದ್ಮಜಾ ಟೀಚರ್ ಕುಂತಿದ್ರು. ಇಳಕಲ್ ಸೀರಿ, ದೊಡ್ಡ ಕುಂಕುಮ, ಮೂಗಿನ ತುದೀಗೆ ಚಸ್ಮಾ. ಎರಡೂ ಕೈಯಾಗ ಎರಡು ಸಣ್ಣ ಚಿಮಟಿ. ಒಂದು ಚಿಮಟೀಲಿಂದ ಉಳ್ಳಾಗಡ್ಡಿ ಹೋಳು ಹಿಡಿದಿದ್ರು. ಇನ್ನೊಂದರಿಂದ ಅದರ ಒಳಗಿನ ಪದರ ಎತ್ಲಿಕತ್ತಿದ್ರು. ಕೈ ಎಲ್ಲೂ ಹತ್ತಲಿಲ್ಲ. ಪದರ ಎದ್ದು ಬಂತು. ಹಾಲಿನ ಮ್ಯಾಲಿನ ಕೆನೀಗಿಂತ ತೆಳ್ಳಗ. ನಾ ಕಲ್ಲು ಸೀಳಿದವ. ಅಷ್ಟು ತೆಳ್ಳಗ ಯಾರೂ ಏನೂ ಸೀಳಿದ್ದು ನೋಡಿದ್ದಿಲ್ಲ.

“ಬಾಯೋರ, ಟೇಬಲ್ ಹೊರಗ ಒಯ್ಬೇಕ್ರಿ,” ಅಂದೆ.

“ಒಯ್ಯೋರಂತ. ಮೊದಲ ಒಂದು ನೋಡ್ರಿ.” ಪದರ ಗಾಜಿನ ಪಟ್ಟಿ ಮ್ಯಾಲ ಹಾಸಿ, ಟೊಪ್ಪಿಗಿ ತೆಗೆದು, ದುರ್ಬೀನಿನ ಕೆಳಗ ಸರಿಸಿದ್ರು.

“ನನಗ ಓದ್ಲಿಕ್ಕೆ ಭಾಳ ಬರಂಗಿಲ್ರಿ.”

“ಓದೋದಲ್ಲ, ನೋಡೋದು. ಒಂದು ಕಣ್ಣು ಮುಚ್ರಿ.”

ನಾ ಎರಡೂ ಮುಚ್ಚಿದೆ.

“ಒಂದು ಅಂದೆ, ಒಂದೇ!”

ಒಂದು ತೆರೆದೆ. ಬಗ್ಗಿ ನೋಡಿದೆ. ಮೊದಲ ನನ್ನ ರೆಪ್ಪಿನೇ ಕಂಡ್ತು. ಆಮ್ಯಾಲ ಅವರು ಬಾಜೂಕಿನ ಗಾಲಿ ಒಂದೀಟು ತಿರುವಿದ್ರು.

ಅಲ್ಲಿ ಫರಸಿ ಹಾಸಿತ್ತು!

ಖರೇ ಹೇಳ್ತೀನಿ. ಉದ್ದುದ್ದ ಕಲ್ಲು, ಒಂದರ ಬಾಜೂಕ ಒಂದು. ಸಂದು ಬರೋಬ್ಬರಿ. ಒಂದು ಸಾಲಿನ ಜೋಡು ಇನ್ನೊಂದು ಸಾಲಿನ ಜೋಡಿಗೆ ಕೂಡಿಲ್ಲ, ನಾವು ಗ್ವಾಡಿ ಕಟ್ಟುವಾಗ ನೋಡ್ತೀವಲ್ಲ ಹಂಗ. ಎಲ್ಲೂ ಸಿಮೆಂಟ್ ಉಕ್ಕಿಲ್ಲ.

“ಯಾರ್ರಿ ಇದರ ಮಿಸ್ತ್ರಿ?” ಅಂದೆ.

ಟೀಚರ್ ನಕ್ಕರು. ಅವರು ನಗೋದು ಅಂದ್ರ, ಮೊದಲ ಭುಜ ನಗ್ತಾವ, ಆಮ್ಯಾಲ ಬಾಯಿ. “ಮಿಸ್ತ್ರಿ ಇಲ್ಲ. ಉಳ್ಳಾಗಡ್ಡಿ ತಾನೇ ಹಾಸಿಕೊಂಡದ. ಒಂದೊಂದು ಕಲ್ಲೂ ಒಂದೊಂದು ಜೀವಕೋಶ. ನೀವು ಸಂದು ಅಂತೀರಲ್ಲ, ಅದು ಗ್ವಾಡಿ. ಕೋಶಭಿತ್ತಿ ಅಂತಾರ. ಗ್ವಾಡಿಗೆ ಒಳಗಿಂದ ಹತ್ತಿ ಒಂದು ತೆಳು ಪೊರಿ ಅದ. ಯಾವುದು ಒಳಗ ಬರಬೇಕು, ಯಾವುದು ಹೊರಗ ಹೋಗ್ಬೇಕು, ಅದೇ ನೋಡ್ತದ.”

“ಹಾಜಿಮಲಂಗ್ ಇದ್ದಂಗ.”

“ಹಾಜಿಮಲಂಗ್ ಸೋಫಾ ಬಿಟ್ಟು ಏಳಂಗಿಲ್ಲ. ಪೊರಿ ಏಳ್ತದ, ಕೆಲಸ ಮಾಡ್ತದ.”

“ಒಂದೊಂದರಾಗ ಒಂದೊಂದು ಚುಕ್ಕಿ ಅದ ಅಲ್ರಿ?”

“ಅದು ಕೋಶಕೇಂದ್ರ. ಮನಿ ಯಜಮಾನತಿ. ಯಾವಾಗ ಬೆಳೀಬೇಕು, ಯಾವಾಗ ಒಂದು ಹೋಗಿ ಎರಡಾಗ್ಬೇಕು, ಎಲ್ಲಾ ಅದರ ಮಾತಿನಂಗ.”

“ಯಜಮಾನತಿ ನಡುವ ಕುಂದ್ರಬೇಕಲ್ರಿ. ಮೂಲಿಗೆ ಯಾಕ ಕುಂತಾಳ?”

ಟೀಚರ್ ಚಸ್ಮಾ ತೆಗೆದ್ರು. ನನ್ನ ಕಡಿ ನೋಡಿದ್ರು. “ಇಪ್ಪತ್ತೆರಡು ವರ್ಷದಾಗ ಮೂರೇ ಮಂದಿ ಈ ಪ್ರಶ್ನೆ ಕೇಳ್ಯಾರ,” ಅಂದ್ರು. “ನಡುವ ದೊಡ್ಡ ನೀರಿನ ಟಾಕಿ ಅದ. ರಸದಾನಿ. ಅದು ತುಂಬಿ ಉಬ್ಬಿದ್ದಕ್ಕ ಎಲ್ಲಾರೂ ಗ್ವಾಡಿ ಕಡಿ ಸರದು ಕುಂತಾರ. ಪ್ಯಾಟಿಯಿಂದ ತಂದ ಕೊತಂಬ್ರಿ ಸಂಜೀಕ ಜೋತು ಬೀಳ್ತದಲ್ಲ? ಟಾಕಿ ಖಾಲಿ. ನೀರು ಚಿಮುಕಿಸ್ರಿ, ಮತ್ತ ಎದ್ದು ನಿಂದರ್ತದ.”

ನಾ ಸಣ್ಣಂದಿಂದ ಕೊತಂಬ್ರಿ ತಿಂದೀನಿ. ಟಾಕಿ ತಿಂದೀನಿ ಅಂತ ಗೊತ್ತಿದ್ದಿಲ್ಲ.

ಟೇಬಲ್ ಅವತ್ತು ಹೊರಗ ಹೋಗ್ಲಿಲ್ಲ.

ಮಧ್ಯಾಹ್ನ ಊಟಕ್ಕ ಕುಂತಾಗ ಹಾಜಿಮಲಂಗ್‌ಗ ಕೇಳಿದೆ. “ಬಾಯೋರು ಉಳ್ಳಾಗಡ್ಡಿ ಯಾಕ ಮುಟ್ಟಂಗಿಲ್ಲ?”

ಅಂವ ಸೋಫಾ ಮ್ಯಾಲ ಮುಂದ ಸರದ. ಇಂಥ ಮಾತು ಹೇಳ್ಲಿಕ್ಕೆ ಅಂವಗ ಭಾಳ ಸೇರ್ತದ. ಟೀಚರ್ ಸೇಡಂದವರು. ಅಪ್ಪ ಪ್ರಹ್ಲಾದಾಚಾರ್ಯರು, ಗುಡಿ ಪೂಜಾ ಮಾಡೋರು. ಮಡಿ ಮನಿ. ಉಳ್ಳಾಗಡ್ಡಿ ಹೊಸ್ತಿಲ ದಾಟಿದ್ದಿಲ್ಲ. ಮಗಳು ಶ್ಯಾಣ್ಯಾಕಿ ಅಂತ ಕಲಬುರಗಿ ಕಾಲೇಜಿಗೆ ಕಳಿಸಿದ್ರು. ಮೊದಲನೇ ವಾರನೇ ಟೇಬಲ್ ಮ್ಯಾಲ ಉಳ್ಳಾಗಡ್ಡಿ ಇಟ್ರು. ಮನಿಗಿ ಬಂದು ಹುರುಪಿನ್ಯಾಗ ಅವ್ವಗ ಹೇಳಿದ್ರು, ಅಮ್ಮಾ, ಉಳ್ಳಾಗಡ್ಡಿ ಒಳಗ ಏನೇನ್ ಅದ ಗೊತ್ತದ ಏನು ಅಂತ. ಅವ್ವ ಜಾನಕೀಬಾಯಿ ಅಷ್ಟಕ್ಕೇ ಎರಡು ಕೊಡ ನೀರು ಮಗಳ ತಲಿ ಮ್ಯಾಲ ಸುರುವಿದ್ರು. ಕಾಲೇಜ್ ಬಿಡು ಅನ್ನಲಿಲ್ಲ. ಆಣಿ ತೊಗೊಂಡ್ರು. ಕೈಲೆ ಮುಟ್ಟಬಾರದು.

ಮಗಳು ಆಣಿ ಇಟ್ಟಳು. ಮರದಿನ ಎರಡು ಚಿಮಟಿ ತಂದಳು.

“ಆ ಆಣಿಗೆ ಮೂವತ್ತು ವರ್ಷ ಆತು,” ಅಂದ ಹಾಜಿಮಲಂಗ್. “ಈ ಸಾಲ್ಯಾಗ ಪ್ಯಾಟಿಯಿಂದ ಉಳ್ಳಾಗಡ್ಡಿ ತರೋದು ನಾನು. ಹೆಚ್ಚೋದು ನಾನು. ಪದರ ಎತ್ತೋದು ಬಾಯೋರು. ಅಮ್ಮನೋರು ಈಗ ಬಾಯೋರ ಹತ್ರನೇ ಇರ್ತಾರ. ಎಂಬತ್ತು ದಾಟ್ಯಾವ. ದಿನಾ ಸಂಜೀಕ ಕೇಳ್ತಾರಂತ. ‘ಮುಟ್ಟಿದ್ಯೇನು?’ ‘ಇಲ್ಲಮ್ಮ, ಚಿಮಟಿ ಮುಟ್ಟ್ಯದ.’ ‘ಚಿಮಟೀಗೆ ಸ್ನಾನ ಆತೇನು?’ ‘ಆತಮ್ಮ.’”

ನಾನು ಉಂಡದ್ದು ನೆತ್ತಿಗೇರಿತು. ಅಂವ ಬೆನ್ನು ತಟ್ಟಿದ. “ಇನ್ನಾ ಒಂದು ಕೇಳು. ಬಾಯೋರ ಯಜಮಾನ್ರು ವಿಠ್ಠಲ್ ರಾವ್ ಬಸ್‌ಸ್ಟ್ಯಾಂಡಿನಾಗ ಉಳ್ಳಾಗಡ್ಡಿ ಭಜಿ ತಿಂತಾರ.”

“ಬಾಯೋರಿಗೆ ಗೊತ್ತದೇನು?”

“ಬಾಯೋರು ದುರ್ಬೀನ್ ಇಟ್ಕೊಂಡವರಣ್ಣ. ಅವರಿಗೇನ್ ಗೊತ್ತಿಲ್ಲ?”

ಮಂಗಳವಾರ ನಾ ಒಂದು ಮೂಲಿ ನೆಲ ಕಿತ್ತೆ. ಒಂದೇ ಮೂಲಿ. ಯಾಕಂದ್ರ ಟೀಚರ್ ಕಾಗಿಣಾ ಹೊಳಿಯಿಂದ ನೀರಹುಲ್ಲು ತರಿಸಿದ್ರು. ಒಂದು ಎಲಿ ಗಾಜಿನ ಮ್ಯಾಲ ಇಟ್ಟು, ಬರ್ರಿ ಅಂದ್ರು. ನೋಡಿದೆ. ಮತ್ತ ಅದೇ ಫರಸಿ. ಆದ್ರ ಒಳಗ ಹಸರು ಗುಂಡು. ಹೆಸರು ಕಾಳಿನಂಗ. ಸುಮ್ನ ಇದ್ದುವು. ನಾನೂ ಸುಮ್ನ ನೋಡಿದೆ.

ಒಂದು ಅಳ್ಳಾಡ್ತು.

ಆಮ್ಯಾಲ ಅದರ ಹಿಂದಿಂದು. ಆಮ್ಯಾಲ ಎಲ್ಲಾ. ಗ್ವಾಡಿ ಗುಂಟ, ಸಾಲಾಗಿ, ಸುತ್ತು ಹಾಕ್ಲಿಕತ್ತುವು.

“ಓಡ್ಲಿಕತ್ತಾವ! ಓಡ್ಲಿಕತ್ತಾವ್ರಿ!”

ನಾ ಅಷ್ಟು ಜೋರ ಚೀರಿದೆ ಅಂದ್ರ, ಹಾಜಿಮಲಂಗ್ ಸೋಫಾ ಬಿಟ್ಟು ಓಡಿ ಬಂದ. “ಕಾಲ ಮ್ಯಾಲ ಕಲ್ಲು ಬಿತ್ತೇನು?” ಅಂದ. ನಾ ಅಂವನ ಕುತ್ತಿಗಿ ಹಿಡಿದು ದುರ್ಬೀನಿಗೆ ಬಗ್ಗಿಸಿದೆ. ಅಂವ ನೋಡಿದ. “ಯಾ ಅಲ್ಲಾ,” ಅಂದ. ಆಮ್ಯಾಲ, “ಉರುಸಿನ್ಯಾಗ ತಿರಗೋ ತೊಟ್ಟಿಲ ನೋಡಿದಂಗ ಅದ,” ಅಂದ. ಇಪ್ಪತ್ತು ವರ್ಷ ಅಂವ ಉಳ್ಳಾಗಡ್ಡಿ ಹೆಚ್ಚಿ ಕೊಟ್ಟಿದ್ದ. ಒಂದು ದಿನ ಬಗ್ಗಿ ನೋಡಿದ್ದಿಲ್ಲ.

“ಈ ಹಸರು ಗುಂಡಿನಾಗೇ ಅಡಗಿ ಆಗ್ತದ,” ಅಂದ್ರು ಟೀಚರ್. “ಬಿಸಿಲು, ಗಾಳಿ, ನೀರು. ಈ ಮೂರರಿಂದ ಸಕ್ಕರಿ ಮಾಡ್ತಾವ. ನಾವು ನೀವು ಉಣ್ಣೋದೆಲ್ಲಾ ಮೊದಲ ಇಲ್ಲೇ ಬೆಂದದ್ದು.”

“ಉಳ್ಳಾಗಡ್ಡ್ಯಾಗ ಯಾಕ ಇದ್ದಿಲ್ರಿ ಹಸರು?”

“ಗಡ್ಡಿ ಮಣ್ಣಿನ ಒಳಗ ಇರ್ತದ. ಬಿಸಿಲು ಕಾಣದವರಿಗೆ ಒಲಿ ಯಾಕ ಬೇಕು? ಮ್ಯಾಲಿನ ಎಲಿ ಬೇಯಿಸಿ ಕೆಳಗ ಕಳಿಸ್ತದ.”

“ನಮ್ಮ ಒಳಗ ಒಲಿ ಅದ ಏನ್ರಿ?”

“ಅದ. ಮೈಟೋಕಾಂಡ್ರಿಯಾ ಅಂತ. ಉಂಡದ್ದರಿಂದ ಶಕ್ತಿ ತೆಗೀತಾವ. ಗಿಡದಾಗೂ ಅವ, ನಮ್ಮಾಗೂ ಅವ. ಆದ್ರ ಭಾಳ ಸಣ್ಣವು. ಈ ಯಂತ್ರಕ್ಕ ಕಾಣಂಗಿಲ್ಲ.”

“ಕಾಣದಿದ್ರ ನಂಬೋದು ಹ್ಯಾಂಗ್ರಿ?”

ಟೀಚರ್ ಅಂದ್ರು, “ನಿಮ್ಮ ಕೈ ನಿಮ್ಮ ಕುತ್ತಿಗಿಗೆ ಹಚ್ಕೊರ್ರಿ.” ಹಚ್ಕೊಂಡೆ. “ಬೆಚ್ಚಗ ಅದ ಏನು? ಮತ್ತ? ಒಲಿ ಕಾಣಲಿಲ್ಲಂದ್ರೂ ಕಾವು ಹತ್ತ್ಯದ ಇಲ್ಲೋ?”

ಅವತ್ತು ಇಡೀ ದಿನ ನಾನು ಹಾಜಿಮಲಂಗ್ ಇಬ್ರೂ ಕುತ್ತಿಗಿ ಮುಟ್ಟಿ ಮುಟ್ಟಿ ನೋಡ್ಕೊಂಡ್ವಿ. ಹುಡುಗ್ರು ನಮ್ಮನ್ನ ನೋಡಿ ನಕ್ಕವು. ನಗ್ಲಿ.

ಬುಧವಾರ ಅಧ್ಯಕ್ಷರು ಬಂದ್ರು. ಕೈಯಾಗ ಫೋನು, ಕಿವ್ಯಾಗ ಇನ್ನೊಂದು. ಖೋಲಿ ನೋಡಿದ್ರು. “ಅಮೃತಪ್ಪ, ಮೂರು ದಿನದಾಗ ಒಂದೇ ಮೂಲಿ ಕಿತ್ತೀಯಲ್ಲೋ! ಇಲಿ ಬಿಟ್ಟಿದ್ರ ಇದಕಿಂತ ಜಾಸ್ತಿ ಕೀಳ್ತಿದ್ವು.”

ಟೀಚರ್ ಎದ್ದು ನಿಂತ್ರು.

“ನಾನೇ ತಡಸೀನ್ರಿ. ಈ ಖೋಲಿ ಬಿಡ್ರಿ ಅಧ್ಯಕ್ಷರೆ. ಈ ಯಂತ್ರಕ್ಕ ಕಿಡಕಿ ಬೆಳಕು ಬೇಕು, ಕೆಳಗ ಕನ್ನಡಿ ಅದ. ಉಳಿದ ಖೋಲಿಗಳ ಕಿಡಕಿ ಎಲ್ಲಾ ಕಂಪೌಂಡಿಗೆ ಮುಖ ಮಾಡ್ಯಾವ. ಕತ್ತಲಿ. ಇದು ಹೋದ್ರ ಮಕ್ಕಳಿಗೆ ಪುಸ್ತಕದ ಚಿತ್ರ ಅಷ್ಟೇ. ಚಿತ್ರ ಬಾಯಿಪಾಠ ಮಾಡ್ತಾವ, ಪರೀಕ್ಷಾ ಮುಗದ ಮ್ಯಾಲ ಮರೀತಾವ. ಕಣ್ಣಿಲೆ ನೋಡಿದ್ದು ಮರಿಯಂಗಿಲ್ಲ.”

ಮಾತಾಡುವಾಗ ಅವರ ಕೈ ದುರ್ಬೀನಿನ ಮ್ಯಾಲೇ ಇತ್ತು. ಇಪ್ಪತ್ತೆರಡು ವರ್ಷ ಅದೇ ಕಿಡಕಿ ಹತ್ರ ಕುಂತವರು.

“ಟೀಚರ್, ನಾನು ಕಂಡದ್ದು ನಂಬೋ ಮನಷ್ಯಾ,” ಅಂದ್ರು ಅಧ್ಯಕ್ಷರು. “ಜೀವಕೋಶ, ಜೀವಕೋಶ ಅಂತೀರಿ. ನಾನೂ ಈ ಸಾಲ್ಯಾಗೇ ಕಲ್ತೀನಿ. ಚಿತ್ರ ತಗದೀನಿ, ಹೆಸರು ಬರದೀನಿ. ಇವತ್ತಿನ ತನಕ ಒಂದು ಕಂಡಿಲ್ಲ. ಶನಿವಾರ ಬರ್ತೀನಿ. ನನ್ನ ಮೈಯಾಗಿಂದು, ನಂದೇ, ನನಗ ತೋರಸ್ರಿ. ಕಂಡ್ತು, ಖೋಲಿ ನಿಮ್ಮದು. ಕಾಣಲಿಲ್ಲ, ಸೋಫಾ ಒಳಗ.”

“ತೋರಿಸ್ತೀನಿ,” ಅಂದ್ರು ಟೀಚರ್.

ಎರಡು ದಿನ ನಾ ನೆಲ ಮುಟ್ಟಲಿಲ್ಲ. ಗುದ್ದಲಿ ಕೈಯಾಗ ಹಿಡಿಯೋದು, ಇಡೋದು.

ಶನಿವಾರ ಬಂತು. ಮುಂಜಾನೆ ಸಾಲಿ, ಮಧ್ಯಾಹ್ನ ಅಧ್ಯಕ್ಷರು. ಟೀಚರ್ ಟೇಬಲ್ ಮ್ಯಾಲ ಬಿಳಿ ಅರಿವಿ ಹಾಸಿದ್ರು. ಹಲ್ಲುಕಡ್ಡಿ ಇಟ್ರು, ಮೊಂಡ ತುದಿ ಇದ್ದದ್ದು. “ಬಾಯಿ ತೆರೀರಿ. ಗಲ್ಲದ ಒಳಗ ಮೆಲ್ಲಕ ಕೆರಕೊರ್ರಿ.”

ಅಧ್ಯಕ್ಷರು ಸುತ್ತಮುತ್ತ ನೋಡಿದ್ರು. “ಎಂಜಲ ಟೀಚರ್! ನೀವು ಮಡಿ ಮಂದಿ!”

“ಎಂಜಲ ಅಲ್ರಿ ಅದು. ಅದು ನೀವೇ.”

“ನಾನೊಬ್ನೇ ಕೆರಕೊಳ್ಳೋದು ಛಲೋ ಕಾಣಂಗಿಲ್ಲ. ಎಲ್ಲಾರೂ ಕೆರಕೊರ್ರಿ.”

ಆತು. ಎಲ್ಲಾರೂ ಕೆರಕೊಂಡ್ವಿ. ಅಧ್ಯಕ್ಷರು, ಹಾಜಿಮಲಂಗ್, ನಾನು, ಟೀಚರ್. ನಾಲ್ಕು ಮಂದಿ ಬಾಯಿ ಆ ಅಂತ ತೆರೆದು ನಿಂತದ್ದು ಹೊರಗಿಂದ ಯಾರರೆ ನೋಡಿದ್ರ ಹಲ್ಲಿನ ಡಾಕ್ಟರ ದವಾಖಾನಿ ಅಂತಿದ್ರು. ಕಡ್ಡೀಗೆ ಹತ್ತಿದ್ದನ್ನ ಟೀಚರ್ ಗಾಜಿನ ಪಟ್ಟಿ ಮ್ಯಾಲ ಸವರಿದ್ರು. ನೀಲಿ ಹನಿ ಹಾಕಿದ್ರು. ಮ್ಯಾಲ ಒಂದು ತೆಳುಗಾಜು. ಐದನೇದು ಉಳ್ಳಾಗಡ್ಡಿ ಪದರ, ಅದಕ್ಕೂ ಅದೇ ನೀಲಿ. ಗಿಡದ್ದು ಮನಷ್ಯಾಂದು ಫರಕ್ ತೋರಿಸಬೇಕಲ್ಲ. ಪ್ರತಿಯೊಂದಕ್ಕೂ ಸಣ್ಣ ಚೀಟಿ ಬರದ್ರು. ಗೋಂದು ಮುಗದಿತ್ತು. ಬಿಸಿಯೂಟದ ಅನ್ನದ ಅಗಳು ಹಚ್ಚಿ ಚೀಟಿ ಅಂಟಿಸಿದ್ರು.

ಅಷ್ಟರಾಗ ಹೆಡ್‌ಮಾಸ್ತರ್ ಖೋಲ್ಯಾಗ ಚಾ ಬಂತು ಅಂದ್ರು. ಅಧ್ಯಕ್ಷರು ಹೋದ್ರು. ಟೀಚರ್ ಕೈ ತೊಳಕೊಳ್ಳಿಕ್ಕೆ ಹೋದ್ರು. ಹಾಜಿಮಲಂಗ್ ಸೋಫಾಕ್ಕ ಹೋದ. ನಾನೊಬ್ನೇ ಉಳದೆ.

ಪಟ್ಟಿಗಳನ್ನ ನೋಡಿದೆ. ಅಂಚಿನಾಗ ನೀಲಿ ಸೋರಿತ್ತು. ಮೂಲ್ಯಾಗ ಅನ್ನ ಮೆತ್ತಿತ್ತು. ಸೊಟ್ಟಸೊಟ್ಟ ಬಿದ್ದಿದ್ವು.

ನಮ್ಮ ಕೆಲಸದಾಗ ಒಂದು ರಿವಾಜ ಅದ. ಮನಿ ಯಜಮಾನ ಬಂದು ನೋಡೋಕಿಂತ ಮೊದಲ ನೆಲ ಮೂರು ಸಲ ಒರಸಬೇಕು. ಒಂದು ಕಲಿ ಇರಬಾರದು. ನನ್ನ ಉಸ್ತಾದ ಇದನ್ನ ಹೊಡದು ಕಲಿಸ್ಯಾನ. ಕೈ ತಾನೇ ಹೋತು. ಹಸಿ ಅರಿವಿ ತೊಗೊಂಡೆ. ತೆಳುಗಾಜು ಮುಟ್ಟಲಿಲ್ಲ, ಅಷ್ಟು ಬುದ್ಧಿ ಇತ್ತು. ಅಂಚು, ಮೂಲಿ, ತಳ, ಮೂರು ಸಲ ಒರಸಿದೆ. ಅನ್ನ ಹೋತು, ನೀಲಿ ಹೋತು. ದಾರ ಹಿಡದಂಗ ಐದನ್ನೂ ಒಂದೇ ಸಾಲಿಗೆ ಇಟ್ಟೆ. ಥಳಥಳ ಅಂದ್ವು. ಖುಷಿ ಆತು.

ಟೀಚರ್ ಬಂದ್ರು. ನೋಡಿದ್ರು.

“ಅಮೃತಪ್ಪ. ಚೀಟಿ ಎಲ್ಲಿ?”

ನಾ ಕೈಯಾಗಿನ ಅರಿವಿ ಬಿಚ್ಚಿದೆ. ಒಳಗ ಐದೂ ಚೀಟಿ ಮುದ್ದಿ ಆಗಿ ಕುಂತಿದ್ವು.

“ಒರಸೀನ್ರಿ,” ಅಂದೆ.

ಅವರು ಕಣ್ಣು ಮುಚ್ಚಿದ್ರು. ಇವರ ಖೋಲಿ ನಾನೇ ಕಸಗೊಂಡೆ ಅನಿಸ್ತು. ಹೊರಗ ಅಧ್ಯಕ್ಷರ ಚಪ್ಪಲಿ ಸಪ್ಪಳ. ಟೀಚರ್ ಕಡಿ ನೋಡಿದೆ. ಭುಜ ಅಳ್ಳಾಡ್ಲಿಕತ್ತಿದ್ವು. ಅಳ್ಲಿಕತ್ತಾರ ಅಂದ್ಕೊಂಡೆ. ಅಲ್ಲ. ನಗ್ಲಿಕತ್ತಿದ್ರು. ಟೇಬಲ್ ಹಿಡಕೊಂಡು, ಸೆರಗು ಬಾಯಿಗಿಟ್ಟು, ಕಣ್ಣಾಗ ನೀರು ಬರೋ ಹಂಗ.

ಅಧ್ಯಕ್ಷರು ಒಳಗ ಬಂದ್ರು. “ಎಲ್ಲಿ ಅದ ನಂದು?”

ಟೀಚರ್ ಸುಳ್ಳು ಹೇಳಲಿಲ್ಲ. “ಚೀಟಿ ಹೋಗ್ಯಾವ್ರಿ. ಈ ಐದರಾಗ ಒಂದು ನಿಮ್ಮದು. ನೀವೇ ನೋಡಿ ಆರಸ್ರಿ.”

“ನಂದು ನನಗ ಗೊತ್ತಾಗಂಗಿಲ್ಲೇನು?” ಅಂದ್ರು ಅಧ್ಯಕ್ಷರು. ತೋಳು ಏರಿಸಿದ್ರು. ಬಗ್ಗಿದ್ರು. ಮೊದಲನೇದು ನೋಡಿದ್ರು. “ಛೇ, ಇದೇನು, ಹಪ್ಪಳದ ಚೂರು ಚೆಲ್ಲಿದಂಗ ಅದ. ನಡು ಒಂದು ಚುಕ್ಕಿ. ಆಕಾರ ಇಲ್ಲ, ಶಿಸ್ತಿಲ್ಲ. ಇದು ಹಾಜಿಮಲಂಗ್‌ದು.” ಎರಡನೇದು ನೋಡಿದ್ರು. “ಇದೂ ಹಂಗೇ. ಇದು ಅಮೃತಪ್ಪಂದು.” ಮೂರನೇದು ಇಟ್ರು. ಭಾಳ ಹೊತ್ತು ನೋಡಿದ್ರು. ಎದಿ ಉಬ್ಬಿತು.

“ಇದು! ಇದು ನಂದು! ನೋಡ್ರಿ ಸಾಲು ಹ್ಯಾಂಗವ! ಗ್ವಾಡಿ ಹ್ಯಾಂಗವ, ಗಟ್ಟಿ! ಒಂದರ ಬಾಜೂಕ ಒಂದು, ಒಗ್ಗಟ್ಟು! ನಮ್ಮ ಮನೆತನನೇ ಹಿಂಗ್ರಿ. ನಮ್ಮ ಮುತ್ಯಾ ಹಿಂಗೇ ಇದ್ದ!”

ನಾ ಹಾಜಿಮಲಂಗ್ ಮಾರಿ ನೋಡಿದೆ. ಅಂವ ನನ್ನ ಮಾರಿ ನೋಡಿದ. ಇಬ್ರೂ ಕೆಳಗ ನೋಡಿದ್ವಿ.

ಟೀಚರ್ ಮೆಲ್ಲಕ ಅಂದ್ರು, “ಅಧ್ಯಕ್ಷರೆ, ಅದು ಉಳ್ಳಾಗಡ್ಡಿ.”

ಅಧ್ಯಕ್ಷರು ದುರ್ಬೀನಿನಿಂದ ಕಣ್ಣು ಎತ್ತಿದ್ರು.

ಮೊದಲ ನಕ್ಕಂವ ಹಾಜಿಮಲಂಗ್. ಅಂವ ತಡೀಲಿಕ್ಕೆ ನೋಡಿದ, ಮೂಗಿನಾಗಿಂದ ಬಂತು. “ಮಾಫ್ ಮಾಡ್ರಿ ಸಾಬ್. ಮುತ್ಯಾನ ಹೆಸರು ತೊಗೊಬಾರದಿತ್ತು ನೀವು.” ಆಮ್ಯಾಲ ನಾನು. ಆಮ್ಯಾಲ ಟೀಚರ್. ಅಧ್ಯಕ್ಷರು ಕೆಂಪಾದ್ರು. ಮೀಸಿ ನಡುಗಿತು. ನಾ ಅಂದ್ಕೊಂಡೆ, ಮುಗೀತು, ಸೋಫಾ ಒಳಗ ಬಂತು. ಆದ್ರ ಅವರ ಹೊಟ್ಟಿ ಅಳ್ಳಾಡ್ಲಿಕ್ಕೆ ಸುರು ಆತು. ಕುರ್ಚಿ ಮ್ಯಾಲ ಕುಂತು, ತೊಡಿ ಬಡಕೊಂಡು ನಕ್ಕರು.

“ಹಂಗಾದ್ರ ಆ ಹಪ್ಪಳದ ಚೂರು ಮನಷ್ಯಾರೇನು?”

“ಹೌದ್ರಿ. ನಮಗ ಗ್ವಾಡಿ ಇಲ್ಲ, ಬರೇ ಪೊರಿ. ಗಿಡಕ್ಕ ಎಲುವಿಲ್ಲ. ಜೋಳದ ದಂಟು ಆಳೆತ್ತರ ನಿಂದರಬೇಕು, ಗಾಳಿ ತಡೀಬೇಕು. ಅದಕ್ಕ ಒಂದೊಂದು ಕೋಶಕ್ಕೂ ಗ್ವಾಡಿ. ನಮಗ ಎಲುವು ಅವ. ಅದಕ್ಕ ಕೋಶ ಸಡಿಲ. ಗ್ವಾಡಿ ಇದ್ದಿದ್ರ ನೀವು ಹಿಂಗ ಹೊಟ್ಟಿ ಅಳ್ಳಾಡಿಸಿ ನಗ್ಲಿಕ್ಕೆ ಆಗ್ತಿದ್ದಿಲ್ಲ.”

ಅಧ್ಯಕ್ಷರು ಮತ್ತ ಬಗ್ಗಿದ್ರು. ಈ ಸಲ ಗಡಿಬಿಡಿ ಇಲ್ಲ. ನಾಲ್ಕನೇದು ನೋಡಿದ್ರು. ಐದನೇದು ನೋಡಿದ್ರು. ಮತ್ತ ಒಂದು, ಎರಡು. ಫೋನು ಬಂತು, ತೆಗೀಲಿಲ್ಲ. ಎರಡನೇ ಫೋನೂ ಬಂತು. ತೆಗೀಲಿಲ್ಲ.

“ನಾಲ್ಕೂ ಒಂದೇ ಥರಾ ಅವಲ್ರಿ ಟೀಚರ್.”

“ಹೌದ್ರಿ.”

“ಅಲ್ಲ, ನಂದು ಒಂದೀಟರೆ ಬ್ಯಾರೆ ಇರಬೇಕಲ್ಲ? ಹೋಗ್ಲಿ, ನಿಮ್ಮದರೆ? ನೀವು ಹುಟ್ಟಿದಾಗಿಂದ ಉಳ್ಳಾಗಡ್ಡಿ ಮುಟ್ಟದವರು. ಮಡಿ. ನಿಮ್ಮದು ಇದ್ರಾಗ ಎದ್ದು ಕಾಣಬೇಕು!”

“ಅದನ್ನೇ ನಾನೂ ಇಪ್ಪತ್ತೆರಡು ವರ್ಷದಿಂದ ಹುಡುಕ್ಲಿಕತ್ತೀನ್ರಿ,” ಅಂದ್ರು ಟೀಚರ್. “ಇನ್ನಾ ಸಿಕ್ಕಿಲ್ಲ.”

ಅಧ್ಯಕ್ಷರು ತಲಿ ಕೆರಕೊಂಡ್ರು. “ಈಗ ಹ್ಯಾಂಗ? ನಾ ಮಾತು ಕೊಟ್ಟೀನಿ. ನಂದು ಕಂಡ್ರ ಖೋಲಿ ನಿಮ್ಮದು. ನಂದು ಕಂಡದೋ ಇಲ್ಲೋ ನನಗೇ ಗೊತ್ತಿಲ್ಲಲ್ಲ!”

ಹಾಜಿಮಲಂಗ್ ಮುಂದ ಬಂದ. ವಕೀಲರಂಗ ಒಂದು ಬೆಟ್ಟು ಎತ್ತಿದ.

“ಸಾಬ್. ನಾಲ್ಕೂ ನೋಡೀರಿ?”

“ನೋಡೀನಿ.”

“ನಾಲ್ಕರಾಗ ಒಂದು ನಿಮ್ಮದು?”

“ಹೌದು.”

“ಅಂದಮ್ಯಾಲ ನಿಮ್ಮದು ನೋಡೀರಿ. ಅದ್ರ ಜೋಡಿ ನಮ್ಮದೂ ನೋಡೀರಿ, ಅದು ಮ್ಯಾಲಿನ ಲಾಭ.”

ಅಧ್ಯಕ್ಷರು ಅಂವನ ನೋಡಿದ್ರು. ಕಿಡಕಿ ನೋಡಿದ್ರು. ಬೆಳಕು ದುರ್ಬೀನಿನ ಕನ್ನಡಿ ಮ್ಯಾಲ ಬಿದ್ದಿತ್ತು. ಎದ್ದು ನಿಂತ್ರು.

“ಖೋಲಿ ನಿಮ್ಮದೇ ಟೀಚರ್. ಅಮೃತಪ್ಪ, ಆ ಟೇಬಲ್ ಅಲ್ಲೇ ಇರ್ಲಿ. ಫರಸಿ ಸುತ್ತ ಹಾಕು.”

ಹೋಗೋಕಿಂತ ಮೊದಲ ಫೋನ್ ದುರ್ಬೀನಿಗೆ ಹಚ್ಚಿ ಒಂದು ಫೋಟೋ ತಗದ್ರು. ಅವತ್ತು ಸಂಜೀಕೇ ಅವರ ವಾಟ್ಸಪ್ ಡಿಪಿ ಬದಲಾತು. ಮೊದಲ ಹಾರ ಹಾಕ್ಕೊಂಡ ಫೋಟೋ ಇತ್ತು. ಈಗ ಒಂದು ನೀಲಿ ಹಪ್ಪಳದ ಚೂರು, ನಡುವ ಚುಕ್ಕಿ. ಅದು ನಂದೇ ಅಂತಾನ ಹಾಜಿಮಲಂಗ್. ನಂದು ಅಂತೀನಿ ನಾನು. ಕೇಳಿದ್ರ ಟೀಚರ್ ಭುಜ ಅಳ್ಳಾಡ್ತಾವ, ಅಷ್ಟೇ.

ಅವತ್ತು ಸಂಜೀಕ ನಾನು ಟೀಚರಿಗೆ ಕೈ ಮುಗದು, ತಪ್ಪಾತು ಅಂದೆ. ಅವರಂದ್ರು, “ಚೀಟಿ ಇದ್ದಿದ್ರ ಅವರು ಒಂದೇ ನೋಡಿ ಹೋಗ್ತಿದ್ರು. ನೀವು ಒರಸಿದ್ದಕ್ಕ ಐದೂ ನೋಡಿದ್ರು.” 

ಆ ಮಾತಿಗೆ ನಾ ನೆಲ ಮನಸ್ಸಿಟ್ಟು ಹಾಸಿದೆ. ಒಳಗ ಬಂದ ಕೂಡ್ಲೇ ಬಲಕ್ಕ ಉದ್ದುದ್ದ ಕಲ್ಲು, ಸಂದು ಬರೋಬ್ಬರಿ, ಉಳ್ಳಾಗಡ್ಡಿ ಹಂಗ. ಎಡಕ್ಕ ಒಡದ ಕಲ್ಲಿನ ಚೂರು, ಹ್ಯಾಂಗ ಬೇಕು ಹಂಗ, ಗಲ್ಲದ ಕೋಶದಂಗ. ಒಂದೊಂದು ಕಲ್ಲಿನಾಗೂ ಒಂದು ಗುಂಡನ ಕರಿ ಕಲ್ಲು ಕೂಡಿಸಿದೆ. ಉದ್ದನ ಕಲ್ಲಿನಾಗ ಮೂಲಿಗೆ, ಚೂರಿನಾಗ ನಡುವ. ಟೀಚರ್ ಬಂದು ಒಂದೊಂದೇ ಗುಂಡು ನೋಡಿದ್ರು. ಒಂದು ತಪ್ಪಿತ್ತು. ಹೇಳಿದ್ರು. ಕಿತ್ತು ಮತ್ತ ಕೂಡಿಸಿದೆ.

ನೆಲ ನೋಡ್ಲಿಕ್ಕೆ ಜಾನಕೀಬಾಯಿ ಅಮ್ಮನೋರೂ ಒಂದು ದಿನ ಬಂದ್ರು, ಮಗಳ ಕೈ ಹಿಡಕೊಂಡು. ಎಡಕಿನ ಚೂರಿನ ಮ್ಯಾಲ ನಡದು ಬಂದ್ರು. ಬಲಕ್ಕ ಬಂದಾಗ ನಿಂತ್ರು.

“ಇದು ಉಳ್ಳಾಗಡ್ಡಿ ಹೌದಿಲ್ಲೋ?”

“ಕಲ್ಲಮ್ಮ ಅದು,” ಅಂದ್ರು ಟೀಚರ್.

“ಆದ್ರೂ ಯಾಕ ಬೇಕವಾ,” ಅಂದ್ರು ಅಮ್ಮನೋರು. ಅಂಚು ಹಿಡದು ಸುತ್ತು ಹಾಕಿ ದುರ್ಬೀನ್ ತನಕ ಹೋದ್ರು.

ಈಗ ಆ ಸೋಫಾ ವರಾಂಡದಾಗೇ ಅದ. ಪ್ಲಾಸ್ಟಿಕ್ ಹರದದ. ಶನಿವಾರ ಸಾಲಿ ಬಿಟ್ಟ ಮ್ಯಾಲ ಯಾರು ಬಂದ್ರೂ ಟೀಚರ್ ತೋರಿಸ್ತಾರ. ಮಿಲ್ಲಿನ ಮಂದಿ ಬರ್ತಾರ, ವಾಡಿಯಿಂದ ರೈಲಿನಾಗ ಬರ್ತಾರ. ಪಾಳಿ ಬರೋತನಕ ಸೋಫಾ ಮ್ಯಾಲ ಕುಂದರ್ತಾರ. ಹಾಜಿಮಲಂಗ್ ನಿಂತಿರ್ತಾನ, ಪಾಪ.

ನೀವೂ ಹೋಗ್ರಿ. ಚಿತ್ತಾಪುರದಾಗ ಇಳದು, ಉಳ್ಳಾಗಡ್ಡಿ ಮುಟ್ಟದ ಟೀಚರ್ ಎಲ್ಲಿ ಅಂತ ಕೇಳ್ರಿ, ತೋರಿಸ್ತಾರ. ಬಾಯಿ ತೆರೀರಿ ಅಂದ್ರ ನಾಚಕೊಬ್ಯಾಡ್ರಿ. ಹಲ್ಲು ತಿಕ್ಕೊಂಡು ಹೋಗ್ರಿ. ಬರಿಗೈಲೆ ಹೋಗೋದು ಬ್ಯಾಡ ಅನಿಸಿದ್ರ ಎರಡು ಉಳ್ಳಾಗಡ್ಡಿ ಒಯ್ರಿ. ಆದ್ರ ಹಾಜಿಮಲಂಗ್ ಕೈಯಾಗ ಕೊಡ್ರಿ. ಅವರ ಕೈಯಾಗ ಕೊಡಬ್ಯಾಡ್ರಿ.